ಮೂಗಿನ ಗಾಡಿ, ಚಪ್ಪಟೆ ಗಾಡಿ, ನಡುವೆ ನನ್ನ ಹೂ

ನಮ್ಮ ತಿತಿಮತಿ ಸ್ಟ್ಯಾಂಡಿನಲ್ಲಿ ಪಿಕಪ್ ಗಾಡಿಗಳು ಎರಡೇ ಜಾತಿ. ಮುಂದೆ ಬಾನೆಟ್ಟು ಚಾಚಿಕೊಂಡಿರೋದು ಮೂಗಿನ ಗಾಡಿ. ಬಾನೆಟ್ಟೇ ಇಲ್ಲದೆ, ಡ್ರೈವರ್ ಮೊಣಕಾಲಿಗೂ ಮುಂದಿನ ಗಾಜಿಗೂ ಗೇಣು ಜಾಗ ಇರೋದು ಚಪ್ಪಟೆ ಗಾಡಿ. ಎರಡೂ ಬೇರೆ ಬೇರೆ ಕಂಪನಿಯವು. ಕಂಪನಿಗಳಿಗೆ ದೊಡ್ಡ ದೊಡ್ಡ ಹೆಸರಿದ್ದಾವೆ, ಆದರೆ ಸ್ಟ್ಯಾಂಡಿನಲ್ಲಿ ಆ ಹೆಸರು ಯಾರೂ ಎತ್ತಲ್ಲ. ಮೂಗಿನವರು, ಚಪ್ಪಟೆಯವರು, ಅಷ್ಟೆ. ಟೀ ಅಂಗಡಿ ಮುಂದೆ ಎರಡು ಬೆಂಚು. ರಸ್ತೆ ಕಡೆಯದು ಮೂಗಿನವರದು, ಗೋಡೆ ಕಡೆಯದು ಚಪ್ಪಟೆಯವರದು. ಗೊತ್ತಿಲ್ಲದೆ ತಪ್ಪಿ ಕೂತರೆ, ಮಾರಾಯ್ರೇ, ದೇವರ ಕೋಣೆಗೆ ಚಪ್ಪಲಿ ಹಾಕ್ಕೊಂಡು ನುಗ್ಗಿದ ಹಾಗೆ ನೋಡ್ತಾರೆ. ಆ ಕಂಪನಿಯವರು ಇವರ ಪೈಕಿ ಒಬ್ಬನಿಗೂ ಒಂದು ಲೋಟ ಟೀ ಕೊಡಿಸಿದವರಲ್ಲ. ಆದರೂ ಅವರ ಮಾನ ಕಾಯೋ ಕೆಲಸ ಇವರದು.

ಮಾನ ಹೋಗೋದು ಒಂದೇ ಒಂದು ಕಾರಣಕ್ಕೆ. ಗಾಡಿ ಕೆಟ್ಟು ನಿಂತಾಗ ಎದುರು ಪಾರ್ಟಿ ಗಾಡಿಗೆ ಹಗ್ಗ ಕಟ್ಟಿಸಿ ಎಳೆಸಿಕೊಂಡರೆ ಮುಗೀತು. ಆ ಫೋಟೋ ಸ್ಟ್ಯಾಂಡಿನ ವಾಟ್ಸಾಪ್ ಗ್ರೂಪಿಗೆ ಬೀಳುತ್ತೆ. ಮುಂದಿನ ಆಯುಧಪೂಜೆವರೆಗೂ ಎಳೆಸಿಕೊಂಡವನು ಎದುರು ಪಾರ್ಟಿಯ ಬೆಂಚಿನಲ್ಲೇ ಕೂತು ಟೀ ಕುಡೀಬೇಕು. ಒಂದು ಮಳೆಗಾಲದಲ್ಲಿ ಚರಂಡಿಗೆ ಇಳಿದ ಚಪ್ಪಟೆ ಗಾಡಿಯನ್ನ ಮೂಗಿನ ಗಾಡಿ ಎಳೆದು ಹಾಕಿತ್ತು. ಆ ಮನುಷ್ಯ ಆಮೇಲೆ ಯಾವ ಬೆಂಚಿನಲ್ಲೂ ಕೂರಲಿಲ್ಲ, ತಿಂಗಳುಗಟ್ಟಲೆ ಮಳೆಯಲ್ಲಿ ಕೊಡೆ ಹಿಡ್ಕೊಂಡು ನಿಂತೇ ಟೀ ಕುಡಿದ. ನೋಡಿ ನಗು ಬಂತು ನನಗೆ. ಮುಂದೊಂದು ದಿನ ಇದೇ ನನ್ನ ಕುತ್ತಿಗೆಗೆ ಬರುತ್ತೆ ಅಂತ ಆಗ ಗೊತ್ತಿರಲಿಲ್ಲ.

ನನ್ನ ತವರು ಸಂಪಾಜೆ. ಅಲ್ಲಿ ನಮ್ಮದು ಪಕ್ಕಾ ಚಪ್ಪಟೆ ಮನೆ. ಅಪ್ಪ ಓಡಿಸಿದ್ದು ಅದೇ, ಈಗ ತಮ್ಮ ಓಡಿಸೋದೂ ಅದೇ. ಗಂಡಿನ ಕಡೆಯವರು ನನ್ನ ನೋಡೋಕೆ ಬಂದ ದಿನ, ಮೂಗಿನ ಗಾಡಿಯಲ್ಲಿ ಬಂದಿಳಿದ ಹುಡುಗ ಮೊದಲು ನೋಡಿದ್ದು ನನ್ನನ್ನಲ್ಲ, ಅಂಗಳದಲ್ಲಿ ನಿಂತಿದ್ದ ಅಪ್ಪನ ಗಾಡಿನ. "ಘಾಟಿ ಹತ್ತುತ್ತಾ ಇದು?" ಅಂತ ಕೇಳಿದ್ರು. ಅಪ್ಪ, "ನಿಮ್ಮದನ್ನ ಹಿಂದೆ ಕಟ್ಟಿದ್ರೂ ಹತ್ತುತ್ತೆ" ಅಂದ. ಸಂಬಂಧ ಅಲ್ಲೇ ಮುರೀಬೇಕಿತ್ತು, ಹೇಗೋ ಮುರೀಲಿಲ್ಲ. ಮದುವೆಯಾದ ವರ್ಷ ಆಯುಧಪೂಜೆಗೆ ತಮ್ಮ ಬಂದಿದ್ದ. ಉಳಿದ ಚೆಂಡುಹೂವಿನ ಹಾರ ಅವನ ಗಾಡಿಗೆ ಹಾಕಿದೆ ಅಂತ ಈ ಮಹಾರಾಯರು ಎರಡು ದಿನ ನನ್ನ ಹತ್ರ ಮಾತು ಬಿಟ್ಟಿದ್ರು. ಅದೊಂದು ಬಿಟ್ಟರೆ ಒಳ್ಳೆ ಮನುಷ್ಯ. ಸುಳ್ಳು ಯಾಕೆ ಹೇಳಲಿ.

ನನ್ನ ತೋಟದ ಕತೆ ಹೇಳದಿದ್ರೆ ಮುಂದಿನದು ಅರ್ಥ ಆಗಲ್ಲ. ಮನೆ ಹಿಂದಿನ ಏರಿನಲ್ಲಿ ಲಂಟಾನ ಬೆಳೆದು ಹಾಳು ಬಿದ್ದಿದ್ದ ಒಂದು ತುಂಡು ಜಾಗ ಇತ್ತು. ಅದನ್ನ ಕಡಿದು, ಸುಟ್ಟು, ರೊಬಸ್ಟಾ ಗಿಡ ನೆಟ್ಟವಳು ನಾನು. ಗುಂಡಿ ತೋಡಿಕೊಟ್ಟಿದ್ದು ಇವರೇ, ಇಲ್ಲ ಅನ್ನಲ್ಲ. ಆದರೆ ಮೊದಲ ಬೇಸಿಗೆ ಕೊಡಪಾನದಲ್ಲಿ ನೀರು ಹೊತ್ತು ಒಂದೊಂದಕ್ಕೂ ಹಾಕಿದ್ದು ನಾನು. ಸೊಂಟ ಇವತ್ತಿಗೂ ಅದನ್ನ ನೆನಪಿಸುತ್ತೆ. ನಾಲ್ಕನೇ ವರ್ಷ ಗಿಡಗಳ ರೆಂಬೆ ತುಂಬ ಮೊಗ್ಗು ಕಚ್ಚಿತು. ಮೊದಲ ದೊಡ್ಡ ಹೂ. ದಿನಾ ಹೋಗಿ ಮುಟ್ಟಿ ಮುಟ್ಟಿ ನೋಡ್ತಿದ್ದೆ. "ಮುಟ್ಟಿ ಮುಟ್ಟಿ ಉದುರಿಸಿಬಿಡ್ತೀಯ" ಅಂತ ಇವರು ಬೈತಿದ್ರು. ಬೈದು ತಾವೂ ಒಂದು ಸಲ ಮುಟ್ಟಿ ಬರ್ತಿದ್ರು.

ಅಷ್ಟರಲ್ಲಿ ಒಂದು ಸಂಜೆ ಹಾಳು ಮಳೆ ಬಂತು. ಹಾಳು ಮಳೆ ಅಂತ ಯಾಕೆ ಅಂದೆ ಅಂದ್ರೆ, ಅದು ಬಂದೂ ಬರಲಿಲ್ಲ. ಕಾಫಿ ಮೊಗ್ಗು ಒಂದು ಒಳ್ಳೆ ಮಳೆಗೆ ಕಾಯ್ತಾ ಇರುತ್ತೆ. ಸರಿಯಾಗಿ ನೆನೆದರೆ ವಾರದ ಮೇಲೆ ಬೆಳ್ಳಗೆ ಅರಳುತ್ತೆ. ಬರೀ ಧೂಳು ಅಡಗುವಷ್ಟು ಹನಿಸಿ ಹೋಯ್ತೋ, ಮೊಗ್ಗು ಮೋಸ ಹೋಗಿ ಎಚ್ಚರ ಆಗಿಬಿಡುತ್ತೆ, ಅರಳೋಕೆ ನೀರು ಸಾಲಲ್ಲ, ಕೆಂಪಗೆ ಮುರುಟಿ ಒಣಗುತ್ತೆ. ಆ ವರ್ಷದ ಫಸಲು ಅಲ್ಲಿಗೆ ಹೋಯ್ತು. ಹನಿ ಬಿದ್ದ ಮೇಲೆ ಕೂಡಲೆ ಸ್ಪ್ರಿಂಕ್ಲರ್ ಹಾಕಿ ನೆನೆಸಿದರೆ ಉಳಿಯುತ್ತೆ. ಊರಿಗೆಲ್ಲ ಒಂದೇ ಸಲ ಆ ಬುದ್ಧಿ ಬರೋದರಿಂದ ಪಂಪ್‌ಸೆಟ್ಟಿಗೆ ಜನ ಸಾಲು ನಿಲ್ತಾರೆ. ನನಗೆ ಸಿಕ್ಕಿದ್ದು ಒಂದೇ ದಿನ. ಪಕ್ಕದ ಎಸ್ಟೇಟಿನ ಕೆರೆ ನೀರೂ ಆವತ್ತು ಒಂದು ದಿನಕ್ಕೆ ಮಾತ್ರ, ಮಾರನೇ ದಿನದಿಂದ ಅವರದೇ ಕೆಲಸ. ಕತ್ತಲಾದ ಮೇಲೆ ಓಡಿಸೋಣ ಅಂದ್ರೆ ಆನೆ. ಕೆರೆಗೆ ಸಂಜೆ ಅವು ಬರೋ ಹೊತ್ತಿಗೆ ನಾವು ಜಾಗ ಖಾಲಿ ಮಾಡಬೇಕು.

ಬೆಳಿಗ್ಗೆ ಇವರು ಪಂಪು, ಪೈಪು ತರೋಕೆ ಪೊನ್ನಂಪೇಟೆ ಕಡೆ ಹೋದ್ರು. ನಾನು ಕೆರೆ ಏರಿ ಮೇಲೆ ಕಾಯ್ತಾ ನಿಂತೆ. ಕಾಯೋದು ನನ್ನಿಂದ ಆಗದ ಕೆಲಸ. ಅನ್ನಕ್ಕೆ ಇಟ್ಟರೂ ನಾಲ್ಕು ಸಲ ಮುಚ್ಚಳ ತೆಗೆದು ನೋಡೋಳು ನಾನು. ಕೂತೆ, ಎದ್ದೆ, ತೋಟಕ್ಕೆ ಹೋದೆ, ಮೊಗ್ಗು ನೋಡಿದೆ, ವಾಪಸ್ ಬಂದೆ. ಫೋನ್ ಮಾಡಿದ್ರೆ ಎತ್ತಲ್ಲ. ಬಿಸಿಲು ನೆತ್ತಿಗೆ ಬರ್ತಾ ಇದೆ. ಮೊಗ್ಗಿನ ತುದಿಗೆ ಬೆಳಿಗ್ಗೆ ಇಲ್ಲದ ಒಂದು ಕೆಂಪು ಕಂಡ ಹಾಗಾಯ್ತು. ಕಂಡಿತೋ, ಹೆದರಿಕೆಗೆ ಹಾಗನ್ನಿಸಿತೋ ಗೊತ್ತಿಲ್ಲ. ಕಾಲು ನಿಲ್ಲಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ರಸ್ತೆಗೆ ಓಡಿದೆ.

ನಮ್ಮ ಮಣ್ಣುರಸ್ತೆಗೆ ಎರಡೇ ತಿರುವು ಇರುವಾಗ, ಏರಿನಲ್ಲಿ ನಮ್ಮ ಗಾಡಿ ನಿಂತಿತ್ತು. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಪಂಪು ಪೈಪು ಎಲ್ಲ ಮೇಲೇ ಇಟ್ಟುಕೊಂಡು, ಇವರು ನೆರಳಿನಲ್ಲಿ ಕೂತಿದ್ದಾರೆ, ಎಲೆ ಅಡಿಕೆ ಹಾಕ್ಕೊಂಡು.

"ಏನಾಯ್ತು?"

"ಕ್ಲಚ್ ಪ್ಲೇಟ್ ಹೋಯ್ತು. ನಮ್ಮವರಿಗೆ ಫೋನ್ ಮಾಡಿದ್ದೀನಿ, ಎಳ್ಕೊಂಡು ಹೋಗೋಕೆ ಬರ್ತಾರೆ."

"ಎಲ್ಲಿದ್ದಾರೆ ನಿಮ್ಮವರು?"

ಮೂಗಿನವರೆಲ್ಲ ಆವತ್ತು ಶುಂಠಿ ಲೋಡಿಗೆ ಹುಣಸೂರಿನ ಕಡೆ ಹೋಗಿದ್ದಾರೆ. ಮಧ್ಯಾಹ್ನದ ಮೇಲೆ ವಾಪಸ್ಸಂತೆ. ನಾವು ಮಾತಾಡ್ತಾ ಇರುವಾಗಲೇ ಒಂದು ಚಪ್ಪಟೆ ಗಾಡಿ ಬಂತು. ಡ್ರೈವರ್ ನಿಧಾನ ಮಾಡಿ, ಹಲ್ಲು ಕಿಸಿದು, "ಹಗ್ಗ ಬೇಕಾ ಅಣ್ಣಾ?" ಅಂದ. ಇವರು ನೊಣ ಓಡಿಸುವ ಹಾಗೆ ಕೈ ಬೀಸಿದ್ರು. ಅವನು ಹಾರ್ನ್ ಒತ್ತಿಕೊಂಡು ಹೋದ. "ಇವನೇ ಮೊದಲಾ?" ಅಂತ ಕೇಳಿದೆ. ಇವರು ಎಲೆ ಅಡಿಕೆ ಉಗಿಯೋಕೆ ಆ ಕಡೆ ತಿರುಗಿದ್ರು. ಅಂದ್ರೆ ಬೆಳಿಗ್ಗೆಯಿಂದ ಇನ್ನೂ ಎಷ್ಟು ಗಾಡಿಗೆ ಹೀಗೇ ಕೈ ಬೀಸಿದ್ದಾರೋ!

"ಅಲ್ರೀ, ಅಲ್ಲಿ ನನ್ನ ಹೂ ಸಾಯ್ತಾ ಇದೆ!"

"ಈಗ ಬರ್ತಾರೆ ಕಣೇ, ಸ್ವಲ್ಪ ತಾಳು. ನಾಳೆ ನಾನು ಸ್ಟ್ಯಾಂಡಿನಲ್ಲಿ ತಲೆ ಎತ್ತಿ ಓಡಾಡೋದು ಬೇಡ್ವಾ?"

ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ ಅಂತಾರಲ್ಲ, ಅದನ್ನ ಕಣ್ಣಾರೆ ನೋಡಿದ್ದು ಆವತ್ತು. ಸೀಟಿನ ಕೆಳಗಿಂದ ಹಗ್ಗದ ತುದಿ ಕಾಣ್ತಿತ್ತು. ಹಗ್ಗ ಇದೆ, ಗಾಡಿಗಳು ಹೋಗ್ತಾ ಬರ್ತಾ ಇವೆ, ತೋಟ ಕೂಗಿದರೆ ಕೇಳುವಷ್ಟು ದೂರ. ಈ ಮನುಷ್ಯ ತನ್ನ ಕಂಪನಿಯ ಗಾಡಿಗೆ ಕಾಯ್ತಾ ಕೂತಿದೆ. ಸಿಟ್ಟಿಗೆ ಅಳು ಬಂತು. ಅತ್ತರೆ ಹೊತ್ತು ಹಾಳು ಅಂತ ಅಳಲಿಲ್ಲ, ತಮ್ಮನಿಗೆ ಫೋನ್ ಹಚ್ಚಿದೆ. ಪುಣ್ಯಕ್ಕೆ ಅವನು ಅಡಿಕೆ ಸಸಿ ಲೋಡು ಇಳಿಸೋಕೆ ಪೊನ್ನಂಪೇಟೆಗೆ ಬಂದಿದ್ದ. "ಎಂತ ಆತ್ ಅಕ್ಕ?" ಅಂದ ನಮ್ಮ ಅರೆಭಾಷೆಯಲ್ಲಿ. ಆ ಒಂದು ಮಾತಿಗೇ ನನಗೆ ಅರ್ಧ ಜೀವ ಬಂತು.

ಬಂದ. ಬಂದವನು ಗಾಡಿ ಮುಂದೆ ತಂದು ನಿಲ್ಲಿಸಿ, ಇಳಿದು, ಮೊದಲು ಮಾಡಿದ್ದೇನು ಗೊತ್ತಾ? ಜೇಬಿಂದ ಮೊಬೈಲ್ ತೆಗೆದ. "ಭಾವ, ಹಗ್ಗ ಕಟ್ಟಿದ ಮೇಲೆ ಸ್ಟೇರಿಂಗ್ ಹಿಡ್ಕೊಂಡು ಸ್ವಲ್ಪ ಹೊರಗೆ ನೋಡಿ. ಮುಖ ಕಾಣಬೇಕು." ಇವರು ಹಗ್ಗ ಎತ್ತಿ ಸೀಟಿನ ಹಿಂದೆ ಬಿಸಾಡಿ, "ಮುಟ್ಟಿದ್ರೆ ನೋಡು ನನ್ನ ಗಾಡಿನ!" ಅಂದ್ರು. ಅವನು, "ಮುಟ್ಟೋಕೆ ಎಂತ ಉಂಟು ಅದರಲ್ಲಿ, ಮೂಗು ಒಂದೇ" ಅಂದ. ಶುರುವಾಯ್ತು ನೋಡಿ. ಯಾರದು ಘಾಟಿ ಹತ್ತುತ್ತೆ, ಯಾರದು ಹೊಗೆ ಕಕ್ಕುತ್ತೆ, ಯಾರದಕ್ಕೆ ಗೋಣಿಕೊಪ್ಪದಲ್ಲಿ ಪಾರ್ಟ್ ಸಿಗಲ್ಲ. ಅಪ್ಪ ಆವತ್ತು ಅಂಗಳದಲ್ಲಿ ಹೇಳಿದ ಮಾತೂ ವಾಪಸ್ ಬಂತು. ಅಷ್ಟು ವರ್ಷ ಇಬ್ಬರೂ ಅದನ್ನ ಜೋಪಾನವಾಗಿ ಇಟ್ಟುಕೊಂಡಿದ್ದರು. ಕೋಣ ಎರಡು ಹೋರಿದರೆ ಗಿಡಕ್ಕೆ ಮಿತ್ತು ಅಂತ ಅಜ್ಜಿ ಹೇಳ್ತಿದ್ದಳು. ಇಲ್ಲಿ ಸಾಯೋ ಗಿಡ ನನ್ನದು.

ನಾನು ಹಿಂದಕ್ಕೆ ಹೋಗಿ, ಸಾಮಾನು ತುಂಬೋ ಡಾಲಾದ ಕೊಂಡಿ ಎಳೆದೆ. ಬಾಗಿಲು ಧಡಾರ್ ಅಂತ ಬಿತ್ತು. ಸೀರೆ ಎತ್ತಿ ಸಿಕ್ಕಿಸಿ ಗಾಡಿ ಹತ್ತಿ, ಒಂದು ಪೈಪು ಎಳೆದು ಹೆಗಲ ಮೇಲೆ ಇಟ್ಟುಕೊಂಡೆ. ಇಬ್ಬರೂ ನನ್ನ ಕಡೆ ತಿರುಗಿದ್ರು.

"ಗಾಡಿ ನಿಮ್ಮದು, ನೀವು ಪೂಜೆ ಮಾಡ್ಕೊಂಡು ಇಲ್ಲೇ ಇರಿ" ಅಂದೆ ಇವರಿಗೆ. "ಪಂಪು ನನ್ನ ಹೂವಿಗೆ ಬಂದಿದ್ದು. ಇವನ ಗಾಡಿಗೆ ಹಾಕ್ತೀನಿ. ನೀವು ಎತ್ತದಿದ್ರೆ ಉರುಳಿಸಿಕೊಂಡು ಹೋಗ್ತೀನಿ." ತಮ್ಮನ ಕಡೆ ತಿರುಗಿ, "ನೀನು ಆ ಮೊಬೈಲ್ ಒಳಗಿಡು. ಇಲ್ಲಾಂದ್ರೆ ಕೆರೆಗೆ ಹಾಕ್ತೀನಿ" ಅಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

ತಮ್ಮ ತೆಪ್ಪಗೆ ಬಂದು ಪೈಪಿನ ಆ ಕಡೆ ಹಿಡಿದ. ಪಂಪು ಮಾತ್ರ ನಮ್ಮಿಬ್ಬರಿಂದ ಅಲುಗಲಿಲ್ಲ. ಇವರು ಬಂದು, ನಮ್ಮ ಮುಖ ನೋಡದೆ, ಅಡಿಗೆ ಹೆಗಲು ಕೊಟ್ಟು ಎತ್ತಿದ್ರು. ಎತ್ತಿ ಚಪ್ಪಟೆ ಗಾಡಿಗೆ ಇಟ್ಟರು. ಇಟ್ಟು ಹೋಗಿ ತಮ್ಮದೇ ಮೂಗಿನ ಗಾಡಿಯೊಳಗೆ ಕೂತರು. ಬನ್ನಿ ಅಂದೆ, ಬರಲಿಲ್ಲ. ಗಾಡಿ ಬಿಟ್ಟು ಬರೋಕಾಗಲ್ಲ ಅಂದ್ರು.

ಪೈಪು ಜೋಡಿಸಿ ನೀರು ಹಾರಿಸೋ ಹೊತ್ತಿಗೆ ಬಿಸಿಲು ಇಳಿಮುಖ ಆಗಿತ್ತು. ಕೆಳಗಿನ ಸಾಲಿಂದ ಶುರು ಮಾಡಿ, ನೆನೆದ ಹಾಗೆಲ್ಲ ಪೈಪು ಬಿಚ್ಚಿ ಮೇಲಕ್ಕೆ ಒಯ್ದು ಜೋಡಿಸಬೇಕು. ನಾನೂ ತಮ್ಮನೂ ಓಡಿದ್ವಿ, ಕೆಸರಲ್ಲಿ ಬಿದ್ದೆದ್ದು ಓಡಿದ್ವಿ. ಮೇಲಿನ ಸಾಲುಗಳಿಗೆ ಇನ್ನೇನು ಪೈಪು ಒಯ್ಯಬೇಕು, ಕೆರೆ ಆಚೆಯಿಂದ ಎಸ್ಟೇಟಿನ ವಾಚ್‌ಮನ್ ತಗಡು ಬಡಿದು ಕೂಗಿದ. ಆನೆ ಹೊರಟಿದಾವೆ. "ಇನ್ನು ಸ್ವಲ್ಪ" ಅಂತ ನಾನು ಕೂಗಿದೆ. ತಮ್ಮ ನನ್ನ ಮಾತು ಕೇಳದೆ ಪಂಪು ಬಂದ್ ಮಾಡಿ, ನನ್ನ ರಟ್ಟೆ ಹಿಡಿದು ಗಾಡಿಗೆ ಹತ್ತಿಸಿದ. ವಾಪಸ್ ಬರುವಾಗ ಇವರ ಗಾಡಿಗೆ ಇನ್ನೊಂದು ಮೂಗಿನ ಗಾಡಿ ಹಗ್ಗ ಕಟ್ಟುತ್ತಾ ಇತ್ತು.

ವಾರ ಕಳೆದು ಹೂ ಬಂತು. ಕೆಳಗೆಲ್ಲ ಬೆಳ್ಳಗೆ, ಗಿಡದ ಎಲೆ ಕಾಣದ ಹಾಗೆ. ಜೇನು ಗುಂಯ್ ಅಂತ ತುಂಬಿಕೊಂಡು, ಆ ಪರಿಮಳಕ್ಕೆ ನನಗೆ ನಿದ್ದೆ ಇಲ್ಲ. ಮೇಲಿನ ಸಾಲುಗಳಲ್ಲಿ ಮಾತ್ರ ಮೊಗ್ಗು ಕೆಂಪಗೆ ಮುರುಟಿ, ಮುಟ್ಟಿದ್ರೆ ಪುಡಿ. ಇವರು ನೋಡೋಕೆ ಬರಲೇ ಇಲ್ಲ. ಬದಲಿಗೆ ಸ್ಟ್ಯಾಂಡಿನಿಂದ ಒಂದು ಸಂಜೆ ನಗುತ್ತಾ ಬಂದ್ರು. ಲೋಡ್ ಬದಲಾಯಿಸಿದ್ದು ಎಳೆಸಿಕೊಂಡ ಲೆಕ್ಕಕ್ಕೆ ಬರುತ್ತಾ ಇಲ್ವಾ ಅಂತ ಅಲ್ಲಿ ದೊಡ್ಡ ಪಂಚಾಯ್ತಿಯಂತೆ. ಬರಲ್ಲ ಅಂತ ತೀರ್ಮಾನ ಆಯ್ತಂತೆ. ಬೆಂಚು ಉಳೀತಂತೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ! ಒಲೆ ಮೇಲಿನ ಸಾರು ತಲೆಗೆ ಹುಯ್ಯಬೇಕು ಅನ್ನಿಸಿತು. "ಮೇಲೆ ಹೋಗಿ ನೋಡ್ಕೊಂಡು ಬನ್ನಿ" ಅಂದೆ, ಅಷ್ಟೆ. ಹೋದ್ರು. ಬಂದವರು ಟೀ ಬೇಡ ಅಂದ್ರು.

ನಾನು ಒಂದು ಮಾತು ಎತ್ತಿಟ್ಟುಕೊಂಡೆ. ಕೊಯ್ಲಿನ ದಿನ, ಕೆಲಸದವರೆಲ್ಲರ ಎದುರು, ಅವರ ಮುಖಕ್ಕೆ ಹೇಳಬೇಕು ಅಂತ. ಮಳೆಗಾಲ ಪೂರ್ತಿ ಅದನ್ನ ಮನಸ್ಸಲ್ಲೇ ಮಸೀತಾ ಇದ್ದೆ. ಪಾತ್ರೆ ತೊಳೆಯುವಾಗ ಒಂದು ಥರ ಹೇಳಿ ನೋಡೋದು, ಬಟ್ಟೆ ಒಗೆಯುವಾಗ ಇನ್ನೊಂದು ಥರ. ನಡುವೆ ಒಂದು ದಿನ ಮೇಲಿನ ಸಾಲುಗಳ ಬುಡ ಬಿಡಿಸಿ, ಗೊಬ್ಬರ ಹಾಕಿ, ಮಣ್ಣು ಮುಚ್ಚಿದ್ದು ಕಂಡೆ. ನಾನು ಮಾಡಿದ್ದಲ್ಲ. ಕೇಳಲೂ ಇಲ್ಲ. ಗೊಬ್ಬರ ಹಾಕಿದ್ರೆ ಹೋದ ಫಸಲು ಬರುತ್ತಾ ಅಂತ ಸಿಟ್ಟೇ ಬಂತು.

ಜನವರಿಯಲ್ಲಿ ಕೊಯ್ಲು. ಎಸ್ಟೇಟಿನ ಕೂಲಿ ಲೈನಿನಿಂದ ಹೆಂಗಸರು ಬಂದ್ರು, ತಮ್ಮನೂ ಬಂದ. ಅವನ ಗಾಡಿ ನಮ್ಮ ಅಂಗಳದಲ್ಲಿ ಇವರ ಗಾಡಿಯ ಪಕ್ಕದಲ್ಲೇ ನಿಂತಿತ್ತು. ಕೆಳಗಿನ ಗಿಡಗಳು ಹಣ್ಣಿನ ಭಾರಕ್ಕೆ ಬಾಗಿದ್ವು. ಹೆಂಗಸರಲ್ಲಿ ಹಿರಿಯಳು ಸಾಲು ಹಂಚ್ತಾ, ಮೇಲಕ್ಕೆ ಕೈ ತೋರಿಸಿ, "ಅಕ್ಕಾ, ಅಲ್ಲಿಗೆ ಯಾರು?" ಅಂತ ಕೇಳಿದಳು.

ನನ್ನ ಮಾತು ಗಂಟಲಿಗೆ ಬಂದಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಹಿಂದೆ ಚೀಲ ಹೊತ್ತು ನಿಂತಿದ್ದ ಇವರು, ನನ್ನ ಕಡೆ ನೋಡದೆ, ಎಲ್ಲರಿಗೂ ಕೇಳುವ ಹಾಗೆ, "ಅಲ್ಲಿಗೆ ಯಾರೂ ಬೇಡ. ಅದನ್ನ ನಾನು ಆವತ್ತೇ ಕೊಯ್ದಾಯ್ತು, ರಸ್ತೆಯಲ್ಲಿ ಕೂತ್ಕೊಂಡು" ಅಂದ್ರು.

ಹೆಂಗಸರಿಗೆ ತಿಳೀಲಿಲ್ಲ. ತಮ್ಮ ತಲೆ ತಗ್ಗಿಸಿದ. ನಾನು ಅಷ್ಟು ತಿಂಗಳು ಮಸೆದಿಟ್ಟಿದ್ದೂ ಅದೇ ಮಾತು, ಇಷ್ಟು ಚೆನ್ನಾಗಿ ಬಂದಿರಲಿಲ್ಲ. ತೆರೆದ ಬಾಯಿ ಮುಚ್ಚಿ, ಬುಟ್ಟಿ ಎತ್ತಿ ಅವರ ಕೈಗೆ ಕೊಟ್ಟು, ಕೆಳಗಿನ ಸಾಲು ತೋರಿಸಿದೆ.