ಅಕ್ಕನ ಬಲಗಾಲು

ಎದುರುಮನೆ ಅಕ್ಕನ ಬಲಗಾಲಿನ ಹಿಮ್ಮಡಿ ಮಾತ್ರ ನೆಲದ ಮೇಲಿರುತ್ತದೆ; ಪಾದ ಸದಾ ಮೇಲೆದ್ದಿರುತ್ತದೆ. ಸಂಜೆ ಜಗಲಿಯಲ್ಲಿ ಅವರೆಕಾಯಿ ಸುಲಿಯುವಾಗಲೂ ಅಷ್ಟೆ, ಈಗಲೋ ಆಗಲೋ ಏನನ್ನೋ ತುಳಿಯಬೇಕು ಎಂಬಂತೆ.

ಅವರ ಕೆಲಸ ಹಾಗಿತ್ತು. ದೊಡ್ಡಬಳ್ಳಾಪುರದಲ್ಲಿ ಸ್ಕೂಲ್ ವ್ಯಾನ್ ಓಡಿಸುತ್ತಿದ್ದವರು, ತಾನೇ ಓಡುವ ಕಾರನ್ನು ರಸ್ತೆಯಲ್ಲಿ ಪರೀಕ್ಷೆ ಮಾಡುವ ಕಂಪನಿಗೆ ಸೇರಿದರು. ಕಾರು ತಪ್ಪಿದರೆ ಹಿಡಿಯಲು ಸ್ಟೀರಿಂಗ್ ಮುಂದೆ ಕೂರಬೇಕು. ಕೈ ಸ್ಟೀರಿಂಗಿಗೆ ತಾಗಬಾರದು, ದೂರವೂ ಹೋಗಬಾರದು. ಕಾಲು ಬ್ರೇಕಿನ ಮೇಲಿಂದ ಸರಿಯಬಾರದು. ಅನುಮಾನ ಬಂದರೆ ಕಾಯಬಾರದು. ಈ ನಿಯಮಗಳನ್ನು ನನಗೆ ಮಗ್ಗಿಯಂತೆ ಒಪ್ಪಿಸುತ್ತಿದ್ದರು.

"ಏನೂ ಮಾಡ್ದೆ ಕೂರೋಕೆ ಸಂಬಳ ಕೊಡ್ತಾರೆ ಕಣಮ್ಮ. ಮನೆಗೆ ಬರೋ ಹೊತ್ಗೆ ಕತ್ತು ಕಲ್ಲಾಗಿರುತ್ತೆ. ಈಗ್ತಾನೆ ಲೈಸೆನ್ಸ್ ತಗೊಂಡೋರ ಪಕ್ಕ ದಿನಾ ಕೂತಂಗೆ."

ಒಂದು ಸುಗ್ಗಿಯಲ್ಲಿ ಪಕ್ಕದ ಮಧುರೆ ಊರಿನ ಕಡೆಯ ನಮ್ಮ ಹೊಲದ ಹುರುಳಿ ಕಿತ್ತಿದ್ದರು. ಈಗ ಕಣ ಮಾಡುವವರು ಕಡಿಮೆ. ಗಿಡಗಳನ್ನು ಟಾರು ರಸ್ತೆಗೆ ಹರಡಿದರೆ ಹೋಗಿಬರುವ ಗಾಡಿಗಳೇ ತುಳಿದು ಕಾಳು ಉದುರಿಸುತ್ತವೆ. ನಮ್ಮತ್ತೆ ತಿರುಗಿ ನೋಡುವವರಲ್ಲ. ಗಾಡಿಯ ಸದ್ದು ಕೇಳಿದರೆ ಸರಿಯುವುದು, ಹೋದ ಮೇಲೆ ಗಿಡ ಮಗುಚುವುದು.

ಅಂದು ಬಿಸಿಲಿಗೆ ತಲೆಯ ಮೇಲೆ ಗೋಣಿಚೀಲ ಹೊದ್ದು, ತಿರುವಿಗೆ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತು ಕಾಳು ಬಳಿಯುತ್ತಿದ್ದರು. ನಾನು ಹೊಂಗೆಯ ನೆರಳಲ್ಲಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದೆ. ತಿರುವಿನಿಂದ ಅಕ್ಕನ ಕಂಪನಿಯ ಬ್ಯಾಟರಿ ಕಾರು ಬಂತು. ಸದ್ದೇ ಇಲ್ಲ. ಒಳಗೆ ಅಕ್ಕ, ಸ್ಟೀರಿಂಗಿನ ಎರಡೂ ಬದಿಗೆ ಅಂಗೈ ತೆರೆದು ಕೂತಿದ್ದರು. ಕಾರು ಹುರುಳಿಯನ್ನು ಕಂಡು ಒಮ್ಮೆ ನಿಧಾನಿಸಿ, ಮತ್ತೆ ವೇಗ ಹಿಡಿಯಿತು. ಅದರ ಲೆಕ್ಕದಲ್ಲಿ ಅತ್ತೆಯೂ ಒಂದು ಗಿಡದ ಗುಪ್ಪೆಯೇನೋ. ಕೂಗಲು ಬಾಯಿ ತೆರೆದೆ. ಚಿಕ್ಕಂದಿನಲ್ಲಿ ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದ ಪ್ರಾರ್ಥನೆ ನಾಲಿಗೆಗೆ ಬಂತು, ಕೂಗು ಬರಲಿಲ್ಲ.

ಕಾರಿನ ಮೂತಿ ತಗ್ಗಿತು. ಹುರುಳಿ ಶುರುವಾಗುವ ಮುಂಚೆಯೇ ಅಕ್ಕ ಬ್ರೇಕ್ ತುಳಿದಿದ್ದರು. ಆದರೂ ಗಿಡಗಳ ಮೇಲೆ ಚಕ್ರ ಜಾರಿತು, ಇನ್ನೂ ಜಾರಿತು, ಗೋಣಿಚೀಲಕ್ಕೆ ಕೈಯಳತೆಯಲ್ಲಿ ನಿಂತಿತು. ಲೋಟದ ಕಾಫಿಯೆಲ್ಲ ನನ್ನ ಸೀರೆಯ ಮೇಲಿತ್ತು.

ಪಕ್ಕದ ಸೀಟಿನ ಇಂಜಿನಿಯರ್ ಇಳಿದ. "ಅಕ್ಕಾ, ಬೇಗ ಒತ್ಬಿಟ್ರಿ. ಅದೇ ನಿಲ್ತಿತ್ತೇನೋ. ಇನ್ನೊಂದ್ಸಲ ನಿಧಾನಕ್ಕೆ ಬರೋಣ. ಅಜ್ಜಿ ಹಂಗೇ ಕೂತಿರ್ಲಿ."

ಅತ್ತೆ ಆಗಷ್ಟೇ ತಿರುಗಿದ್ದರು. "ಅದಕ್ಕೇನಪ್ಪಾ, ಕೂತಿರ್ತೀನಿ. ಇನ್ನೊಂದಿಷ್ಟು ಕಾಳೂ ಉದುರುತ್ತೆ."

ಅಕ್ಕ ಕಾರು ಆರಿಸಿ ಇಳಿದು, ಕೀ ಸೊಂಟಕ್ಕೆ ಸಿಕ್ಕಿಸಿಕೊಂಡರು. ದನಿ ಏರಲಿಲ್ಲ.

"ನೀವು ಕೂತ್ಕೊಳಿ ಸಾರ್ ಅಲ್ಲಿ. ನಾನು ಓಡಿಸ್ಕೊಂಡ್ ಬರ್ತೀನಿ."

ಅವನು ಚಕ್ರ ಜಾರಿದ ಗುರುತು ನೋಡಿದ; ಅಕ್ಕ ಅತ್ತೆಯ ಕಡೆ ಕೈ ತೋರಿದರು.

"ನಾವಿಬ್ರೂ ಅಪಾಯ ಗೊತ್ತಿದ್ದೂ ಸೈನ್ ಹಾಕಿ ಕೂತಿದೀವಿ. ಈಯಮ್ಮ ಯಾತಕ್ಕೂ ಸೈನ್ ಹಾಕಿಲ್ಲ."

"ಆಫೀಸಿಗೆ ಏನಂತ ಹೇಳ್ಲಿ?"

"ನಾನೇ ನಿಲ್ಸಿದೆ ಅಂತ ಹೇಳಿ."

ಕೆಲವು ವಾರ ಅವರನ್ನು ಕೆಲಸಕ್ಕೆ ಕರೆಯಲಿಲ್ಲ. ಮನೆ ನಡೆಯುತ್ತಿದ್ದುದೇ ಆ ಸಂಬಳದಿಂದ. ಜಗಲಿಯಲ್ಲಿ ಫೋನ್ ಸದ್ದಾದಾಗಲೆಲ್ಲ ಅಕ್ಕನ ಕೈಯ ಅವರೆಕಾಯಿ ಅಲ್ಲೇ ನಿಲ್ಲುತ್ತಿತ್ತು. ನಾನು ಅವರ ಮುಖ ನೋಡದೆ ಸುಲಿಯುತ್ತಿದ್ದೆ. ಕೊನೆಗೆ ಕರೆದರು. ರಸ್ತೆಯಲ್ಲಿ ಬೆಳೆ ಹರಡಿದ್ದರೆ ಕಾರನ್ನು ಡ್ರೈವರೇ ಓಡಿಸಬೇಕು ಎಂಬ ನಿಯಮವೂ ಸೇರಿತು. ಅದನ್ನೂ ಅಕ್ಕ ನನಗೆ ಒಪ್ಪಿಸಿದರು.

ಈಗ ಅವರು ಆ ಕೆಲಸ ಬಿಟ್ಟಿದ್ದಾರೆ. ಪಾದ ಮಾತ್ರ ಇನ್ನೂ ನೆಲಕ್ಕಿಳಿದಿಲ್ಲ.

ಪ್ರತಿ ಸುಗ್ಗಿಯಲ್ಲೂ ಹೊಸ ಹುರುಳಿ ಮನೆಗೆ ಬಂದೊಡನೆ ಮೊದಲ ಸೇರನ್ನು ಎದುರುಮನೆಗೆ ಅಳೆಯುತ್ತೇನೆ. ಅತ್ತೆ ಅಡ್ಡಿ ಮಾಡುವುದಿಲ್ಲ; ಕೊಡುವುದರಲ್ಲಿ ಅವರು ಧಾರಾಳಿ. ಗೊಣಗುವುದು ಮಾತ್ರ ಇದ್ದೇ ಇದೆ.

"ಅವತ್ತು ಕಾರು ಇನ್ನೊಂದ್ ಸುತ್ತು ಬಂದಿದ್ರೆ, ಇನ್ನೊಂದ್ ಸೇರು ಕೊಡ್ಬೋದಿತ್ತು."