ಹೀರಾಬಿ ಒಡೆಯದೆ ತೆಗೆದ ಬಳೆಗಳು

ದೇವದುರ್ಗದ ಹೀರಾಬಿ ಬಳೆ ತೊಡಿಸಿದರೆ ನೋವೆಂಬುದೇ ಗೊತ್ತಾಗುತ್ತಿರಲಿಲ್ಲ. ಒಕ್ಕಲಿಗರ ಹೆಂಗಸರ ಕೈ ಎಂದರೆ ಅದು ಕೈಯಲ್ಲ, ಕಟ್ಟಿಗೆ. ಕುಡುಗೋಲು ಹಿಡಿದೂ ಹಿಡಿದೂ ಹೆಬ್ಬೆರಳಿನ ಬುಡ ಬಿರುಸಾಗಿರುತ್ತದೆ. ಅಂಥ ಕೈಯನ್ನು ಹೀರಾಬಿ ಮಡಿಲಿಗೆ ಎಳೆದುಕೊಂಡು, ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ‘ನಿಮ್ಮ ಅತ್ತಿ ಹೆಂಗದಾಳವ್ವಾ’ ಎಂದು ಕೇಳುತ್ತಿದ್ದಳು. ಅವರು ಅತ್ತೆಯನ್ನು ಬೈದು ಮುಗಿಸುವಷ್ಟರಲ್ಲಿ ಒಂದು ಡಜನ್ ಬಳೆ ಮಣಿಕಟ್ಟು ಸೇರಿರುತ್ತಿತ್ತು. ಆದರೆ ಇಷ್ಟು ಹಗುರವಾದ ಕೈ ಕೊಟ್ಟ ದೇವರು ಅಷ್ಟೇ ಹಗುರವಾದ ಮನಸ್ಸು ಕೊಡುವುದನ್ನು ಮರೆತುಬಿಟ್ಟಿದ್ದ. ಇನ್ನೊಬ್ಬರ ಮನೆಯಲ್ಲಿ ಸಾರು ಕುದ್ದರೆ ಹೀರಾಬಿಯ ಹೊಟ್ಟೆ ಕುದಿಯುತ್ತಿತ್ತು.

ಅವಳ ಮಾವ ಸಾಯುವ ಮುಂಚೆ ತನ್ನ ಇಬ್ಬರು ಮಕ್ಕಳಿಗೂ ಊರು ಹಂಚಿ ಹೋಗಿದ್ದ. ಹೊಲಮನೆ ಇದ್ದವರು ಹೊಲಮನೆ ಹಂಚುತ್ತಾರೆ, ಬಳೆಗಾರರು ಊರು ಹಂಚುತ್ತಾರೆ. ಗಬ್ಬೂರು ಮತ್ತು ಅದರ ಹಾದಿಯ ಹಳ್ಳಿಗಳು ಹಿರಿಯ ಮಗ ಅಬ್ದುಲ್ ವಹೀದನಿಗೆ, ಅಂದರೆ ಹೀರಾಬಿಯ ಗಂಡನಿಗೆ. ಹೊಳೆ ಕಡೆಯ ಹಳ್ಳಿಗಳು ಕಿರಿಯ ಮಗ ಸೈಫುದ್ದೀನನಿಗೆ. ಒಬ್ಬರ ಊರಿನಲ್ಲಿ ಇನ್ನೊಬ್ಬರು ಬಳೆಯ ಗಂಟು ಬಿಚ್ಚುವಂತಿಲ್ಲ. ಕಾಗದ ಪತ್ರ ಏನೂ ಇರಲಿಲ್ಲ, ಮಾತೇ ಪತ್ರ. ಆ ಮಾತು ಬಹಳ ವರ್ಷ ನಡೆಯಿತು, ಎಪ್ಪತ್ತೆಂಟರಲ್ಲಿ ಸೈಫುದ್ದೀನ್ ರಾಯಚೂರಿನಿಂದ ಹಳೆಯದೊಂದು ಫಟಫಟಿ, ಅಂದರೆ ಮೋಟರ್ ಸೈಕಲ್, ತರುವವರೆಗೆ.

ಸೈಫುದ್ದೀನ್ ಕೆಟ್ಟವನಲ್ಲ. ನೆಲದ ಮೇಲೆ ನಿಂತಾಗ ಒಳ್ಳೆಯ ಮನುಷ್ಯ. ಗಾಡಿ ಹತ್ತಿದನೋ, ತಲೆಯನ್ನು ಮನೆಯಲ್ಲೇ ಬಿಟ್ಟು ಹೋದಂತೆ. ಬಜಾರಿನಲ್ಲಿ ಕೋಳಿ, ಕುರಿ, ಮುದುಕರು ಎಲ್ಲರಿಗೂ ಅವನದು ಒಂದೇ ಮರ್ಯಾದೆ, ಹಾರ್ನು. ಬ್ರೇಕು ಹಾಕುವುದೆಂದರೆ ಅವನಿಗೆ ಹೆಸರು ಕೆಟ್ಟಂತೆ. ಒಮ್ಮೆ ಉರುಕುಂದಪ್ಪ ಎಂಬ ರೈತನ ಎತ್ತುಗಳು ಇವನ ಸದ್ದಿಗೆ ಬೆದರಿ, ಬಂಡಿ ಹಳ್ಳಕ್ಕೆ ಇಳಿದು ನೊಗ ಮುರಿಯಿತು. ಸೈಫುದ್ದೀನ್ ಹಿಂದಿರುಗಿಯೂ ನೋಡಲಿಲ್ಲ. ಮರುದಿನ ಉರುಕುಂದಪ್ಪ ಮುರಿದ ನೊಗವನ್ನು ಹೊತ್ತುಕೊಂಡೇ ಮನೆಗೆ ಬಂದಾಗ ಕೈಮುಗಿದು ನಿಂತವನು ವಹೀದ್. ಬೈಸಿಕೊಳ್ಳುವುದು ಹಿರಿಯರ ಪಾಲಿಗೆ, ಮೆರೆಯುವುದು ಕಿರಿಯರ ಪಾಲಿಗೆ ಎಂದು ಹೀರಾಬಿ ಅಡುಗೆಮನೆಯಿಂದಲೇ ಎಲ್ಲರಿಗೂ ಕೇಳುವಂತೆ ಅಂದಳು.

ಆದರೆ ಅವಳ ಹೊಟ್ಟೆ ಉರಿಯುತ್ತಿದ್ದುದು ಮೈದುನನನ್ನು ಕಂಡಲ್ಲ. ಅವನ ಹಿಂದೆ ಕೂರುತ್ತಿದ್ದ ಅವನ ಹೆಂಡತಿ, ತನ್ನ ನೆಗೆಣ್ಣಿ ರಜಿಯಾ ಬೇಗಂಳನ್ನು ಕಂಡು. ಮಾನ್ವಿಯಿಂದ ಸೊಸೆಯಾಗಿ ಬಂದ ರಜಿಯಾ ವಯಸ್ಸಿನಲ್ಲಿ ಚಿಕ್ಕವಳು, ನೋಡಲು ಲಕ್ಷಣವಾಗಿದ್ದಳು, ಮಾತು ಕಡಿಮೆ. ಬುರ್ಖಾ ಗಾಳಿಗೆ ಉಬ್ಬಿಸಿಕೊಂಡು, ಬಳೆಯ ಪೆಟ್ಟಿಗೆಯನ್ನು ತಬ್ಬಿಕೊಂಡು ಅವಳು ಹೊರಟರೆ ಓಣಿಯ ಹೆಂಗಸರೆಲ್ಲ ಹೊಸ್ತಿಲಿಗೆ ಬಂದು ನೋಡುತ್ತಿದ್ದರು. ರಾಣಿ ಹೊರಟಳು ನೋಡು ಎಂದುಕೊಂಡು ಹೀರಾಬಿ ಹಲ್ಲು ಕಡಿಯುತ್ತಿದ್ದಳು. ತನಗೂ ಒಂದು ಫಟಫಟಿ ಬೇಕೆಂದು ಒಮ್ಮೆ ಗಂಡನ ಮುಂದೆ ಬಾಯಿ ಬಿಟ್ಟಳು. ಸೈಕಲ್ಲಿಗೆ ಕ್ಯಾರಿಯರ್ ಇದೆಯಲ್ಲ, ಕೂತುಕೋ ಎಂದ ಆ ಪುಣ್ಯಾತ್ಮ. ಅವತ್ತು ಅವನಿಗೆ ರೊಟ್ಟಿಯ ಜೊತೆ ಪಲ್ಯ ಸಿಗಲಿಲ್ಲ.

ಗಾಡಿ ಬಂದ ಮೇಲೆ ಸೈಫುದ್ದೀನನಿಗೆ ಹೊಳೆ ಕಡೆಯ ಹಳ್ಳಿಗಳು ಸಾಲಲಿಲ್ಲ. ಗಬ್ಬೂರಿನ ಸೂಗಮ್ಮ ಹೀರಾಬಿಯ ಹಳೆಯ ಗಿರಾಕಿ. ಅವಳ ಬಸುರಿ ಮಗಳ ಕುಬಸದ ಶಾಸ್ತ್ರಕ್ಕೆ ಹಸಿರು ಬಳೆ ತೊಡಿಸಬೇಕಿತ್ತು. ಹೀರಾಬಿ ನಸುಕಿನಲ್ಲೇ ಎದ್ದು ಬಸ್‌ ಸ್ಟ್ಯಾಂಡಿಗೆ ಹೋದರೆ ಬಸ್ಸು ತಡವಾಗಿ ಬಂತು. ಗಬ್ಬೂರು ಮುಟ್ಟಿ ಸೂಗಮ್ಮನ ಪಡಸಾಲೆಗೆ ಕಾಲಿಟ್ಟಾಗ ಬಸುರಿಯ ಎರಡೂ ಕೈ ಹಸಿರಾಗಿದ್ದವು. ಪಕ್ಕದಲ್ಲಿ ರಜಿಯಾ ಕೂತಿದ್ದಳು.

“ಬಿಸಿಲಾಗ ಯಾಕ ಬಂದಿ ಯವ್ವಾ,” ಎಂದಳು ಸೂಗಮ್ಮ, ಕನಿಕರದಿಂದಲೇ. “ನಿಮ್ಮ ನೆಗೆಣ್ಣಿ ಫಟಫಟಿ ಮ್ಯಾಲ ಬಂದು ಆಗಲೇ ಹಾಕ್ಯಾಳಲ್ಲ.”

ರಜಿಯಾ ತಲೆ ಬಗ್ಗಿಸಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. ಹೀರಾಬಿಗೆ ಅದೂ ಸೊಕ್ಕಾಗಿಯೇ ಕಂಡಿತು. ಗಂಟು ಬಿಚ್ಚದೆ ಹಿಂದಿರುಗಿ ಬಸ್ಸು ಹತ್ತಿದಳು. ಅಳು ನುಂಗಿಕೊಳ್ಳಲು ಶೇಂಗಾ ಕೊಂಡು ಕಿಟಕಿಯ ಪಕ್ಕ ಕೂತು ತಿಂದಳು. ಹಾದಿಯಲ್ಲಿ ಫಟಫಟಿ ಬಸ್ಸನ್ನು ಹಿಂದೆ ಹಾಕಿ ಧೂಳೆಬ್ಬಿಸಿಕೊಂಡು ಹೋಯಿತು. ಆಗ ಹೀರಾಬಿ ದೇವರಲ್ಲಿ ಬೇಡಿಕೊಂಡಳು: ಆ ಗಾಡಿ ಬೀಳಲಿ. ಯಾರ ಜೀವಕ್ಕೂ ಅಪಾಯವಾಗುವುದು ಬೇಡ, ಬಳೆಗಳೆಲ್ಲ ಪುಡಿಯಾಗಿ ಮೊಣಕಾಲು ತರಚುವಷ್ಟು ಬಿದ್ದರೆ ಸಾಕು. ಬೇಡುವಾಗಲೂ ಅಳತೆ ಮಾಡಿಯೇ ಬೇಡಿದಳು, ಆದರೆ ಕೊಡುವವನು ಅಳತೆ ನೋಡಲಿಲ್ಲ.

ಎಂಬತ್ತೊಂದರ ನಾಗರಪಂಚಮಿಗೆ ಮುಂಚಿನ ದಿನಗಳು. ಬಳೆಗಾರರಿಗೆ ಅದು ಸುಗ್ಗಿ. ಗಬ್ಬೂರಿನ ಹಾದಿಯಲ್ಲಿ, ರಜಿಯಾಳನ್ನು ಹಿಂದೆ ಕೂರಿಸಿಕೊಂಡಿದ್ದ ಸೈಫುದ್ದೀನ್ ಬಸ್ಸನ್ನು ಹಿಂದೆ ಹಾಕಲು ನುಗ್ಗಿದ. ಎದುರಿಗೆ ಬಂಡಿ ಬಂತು. ಗಾಡಿ ಜಾರಿ, ಅವನ ತಲೆ ಹಾದಿ ಬದಿಯ ಕಲ್ಲಿಗೆ ಬಡಿದು ಎಚ್ಚರ ತಪ್ಪಿತು. ಸುದ್ದಿ ತಿಳಿದು ಬಂದ ವಹೀದ್ ತಮ್ಮನನ್ನು ಲಾರಿಯೊಂದರಲ್ಲಿ ಮಲಗಿಸಿಕೊಂಡು ರಾಯಚೂರಿನ ದವಾಖಾನೆಗೆ ಓಡಿದ. ರಜಿಯಾಳ ಬಲ ಮಣಿಕಟ್ಟು ಮುರಿದಿತ್ತು, ಅದರ ಬಳೆಗಳು ಮಾತ್ರ ಹೇಗೋ ಒಡೆಯದೆ ಉಳಿದಿದ್ದವು. ಗಬ್ಬೂರಿನ ಕಂಪೌಂಡರ್ ಒಬ್ಬರು ದಬ್ಬೆ ಕಟ್ಟಿ, ಬಾವು ಏರುತ್ತದೆ, ಬಳೆಗಳನ್ನು ಈಗಲೇ ಒಡೆದು ತೆಗೆಯಬೇಕು ಎಂದರು. ಗಂಡ ಸಾವು ಬದುಕಿನ ನಡುವೆ ಇರುವಾಗ ಮುತ್ತೈದೆಯ ಬಳೆ ಒಡೆಯಲು ಯಾರ ಕೈ ಮುಂದಾದೀತು? ಮನೆಯ ಹಿರಿಯರು ನೋಡಿಕೊಳ್ಳಲಿ ಎಂದು ಅವಳನ್ನು ದೇವದುರ್ಗಕ್ಕೆ ಕಳಿಸಿದರು.

ಬಳೆಗಾರ್ತಿಯರು ತೊಡುವ ಬಳೆ ಯಾವಾಗಲೂ ಬಿಗಿ. ಸಡಿಲ ಬಳೆ ತೊಟ್ಟವಳ ಮುಂದೆ ಯಾರು ಕೈ ಚಾಚುತ್ತಾರೆ? ಹಾಗಾಗಿ ಮನೆ ಮುಟ್ಟುವ ಹೊತ್ತಿಗೆ ರಜಿಯಾಳ ಬಳೆಗಳು ಊದಿದ ಮಾಂಸದಲ್ಲಿ ಹೂತು ಹೋಗಿದ್ದವು. ಅತ್ತೆ ಕುಬ್ರಾ ಬೇಗಂ ಬಾಗಿಲಿಗೆ ಅಡ್ಡ ಕೂತು, ಕುಟ್ಟುವ ಕಲ್ಲನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು. ಓಣಿಯ ಹೆಂಗಸರು ಮನೆ ತುಂಬಿದ್ದರು.

“ಒಂದೂ ಒಡೀಬಾರದು,” ಎಂದಳು ಮುದುಕಿ. “ನನ್ನ ಮಗನ ಜೀವ ಆ ಬಳ್ಯಾಗ ಅದ.” ಆಮೇಲೆ ಹೀರಾಬಿಯ ಕಡೆ ತಿರುಗಿದಳು. “ನಿನ್ನ ಕೈಲೆ ಆಗ್ತದ ಹೀರಾ. ನಿನ್ನಂಥ ಕೈ ಈ ಸೀಮಿಯಾಗ ಇನ್ನೊಂದಿಲ್ಲ.”

ಮದುವೆಯಾಗಿ ಬಂದ ಇಷ್ಟು ವರ್ಷಗಳಲ್ಲಿ ಅತ್ತೆ ಹೀರಾಬಿಯನ್ನು ಹೊಗಳಿದ್ದು ಇದೇ ಮೊದಲು. ಎಲ್ಲ ಕಣ್ಣುಗಳೂ ಅವಳ ಮೇಲೆ ಬಿದ್ದವು. ರಜಿಯಾಳ ಮೇಲಲ್ಲ, ಅವಳ ಮೇಲೆ.

“ಒಡೆದುಬಿಡು ಭಾಬಿ,” ಎಂದಳು ರಜಿಯಾ. “ಬೆರಳು ಸಾಯಾಕತ್ತಾವ.”

ಹೀರಾಬಿಗೆ ಅದು ಚೆನ್ನಾಗಿಯೇ ಕೇಳಿಸಿತು. ಒಡೆಯಲೇಬೇಕು ಎಂದು ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಳೆಯ ವಿಷಯದಲ್ಲಿ ಅವಳ ಮಾತು ಮೀರುವವರು ಆ ಮನೆಯಲ್ಲಿರಲಿಲ್ಲ. ಅವಳು ಕೊಬ್ಬರಿ ಎಣ್ಣೆ ತರಲು ಹೇಳಿದಳು.

ದಬ್ಬೆ ಬಿಚ್ಚಿ, ಎಣ್ಣೆ ಹಚ್ಚಿ, ಸಬಕಾರದ ನೊರೆ ಸವರಿ, ಒದ್ದೆ ಬಟ್ಟೆಯ ಪಟ್ಟಿ ಬಿಗಿದು ಬಾವನ್ನು ಹಿಂದಕ್ಕೆ ಒತ್ತುತ್ತ, ಕೂದಲೆಳೆಯಷ್ಟೇ ಜರುಗಿಸುತ್ತ ಮೊದಲ ಬಳೆಯನ್ನು ಇಡಿಯಾಗಿ ಹೊರಗೆ ತಂದಳು. ನೆರೆದ ಹೆಂಗಸರು ಹಿಡಿದಿದ್ದ ಉಸಿರನ್ನು ಬಿಟ್ಟರು. ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡು ಉಡಿಯಲ್ಲಿ ಇಟ್ಟುಕೊಂಡಳು. ಎರಡನೆಯದು ಬಂತು, ಮೂರನೆಯದು ಬಂತು. ಹೀರಾಬಿಗೆ ಎದೆ ತುಂಬಿ ಬಂದಂತಾಯಿತು. ಯಾವ ಫಟಫಟಿಯೂ ಕೊಡದ ಸುಖ ಅದು. ರಜಿಯಾ ಚೀರಿದಾಗ ‘ಇನ್ನೊಂದೀಟು ತಡಿ’ ಎನ್ನುತ್ತಿದ್ದಳು. ಬೆರಳುಗಳು ಕೆಂಪು ಕಳೆದು ನೀಲಿಯಾದದ್ದನ್ನು ಕಂಡಳು. ಕಂಡೂ, ಉಳಿದಿರುವುದು ನಾಲ್ಕೇ ಅಲ್ಲವೇ ಎಂದುಕೊಂಡಳು. ಮಧ್ಯಾಹ್ನ ಕೂತವಳು ಏಳುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಅಷ್ಟರಲ್ಲಿ ರಜಿಯಾ ಚೀರುವುದನ್ನು ನಿಲ್ಲಿಸಿದ್ದಳು. ಕೈ ಹಗುರಾಗಿರಬೇಕು ಎಂದು ಹೀರಾಬಿ ತನಗೆ ತಾನೇ ಹೇಳಿಕೊಂಡಳು.

ಒಂದೇ ಒಂದು ಬಳೆಯೂ ಬಿರುಕು ಬಿಟ್ಟಿರಲಿಲ್ಲ. ಕುಬ್ರಾ ಬೇಗಂ ಸೊಸೆಯ ಕೈಗೆ ಮುತ್ತಿಟ್ಟಳು, ಹಿರಿಯ ಸೊಸೆಯ ಕೈಗೆ. ಮರುದಿನ ಸೈಫುದ್ದೀನ್ ಕಣ್ಣು ಬಿಟ್ಟನೆಂದು ರಾಯಚೂರಿನಿಂದ ಸುದ್ದಿ ಬಂತು. ಇನ್ನೇನು ಬೇಕು? ಹೀರಾಬಿಯ ಕೈಗುಣ ಹೋದವನನ್ನು ಹಿಂದಕ್ಕೆ ತಂದಿತು ಎಂದು ಊರೆಲ್ಲ ಆಡಿಕೊಂಡಿತು. ಗಬ್ಬೂರು ತಾನಾಗಿಯೇ ಅವಳ ಪಾಲಿಗೆ ಮರಳಿತು. ಮಕ್ಕಳ ಮದುವೆಗೆ, ಕುಬಸಕ್ಕೆ ಅವಳೇ ಬರಬೇಕೆಂದು ಹೆಂಗಸರು ಹಟ ಹಿಡಿದರು.

ರಜಿಯಾಳ ಎಲುಬು ಕೂಡಿಕೊಂಡಿತು, ಬೆರಳುಗಳು ಮಾತ್ರ ಒಳಕ್ಕೆ ಮುದುಡಿಕೊಂಡು ಹಾಗೇ ನಿಂತವು. ರಕ್ತ ಬಹಳ ಹೊತ್ತು ನಿಂತು ಹೋಗಿದೆ, ಬಳೆ ಯಾಕೆ ಬಿಟ್ಟಿರಿ ಎಂದು ರಾಯಚೂರಿನ ಡಾಕ್ಟರು ಗದರಿದರಂತೆ. ಮನೆಯಲ್ಲಿ ಅದನ್ನು ಹಣೆಬರಹ ಎಂದರು. ಬಳೆ ತೊಡಿಸುತ್ತಿದ್ದ ಕೈಗೆ ಈಗ ತನ್ನ ಕುಪ್ಪಸದ ಗುಂಡಿ ಹಾಕಿಕೊಳ್ಳುವುದೂ ಕಷ್ಟವಾಯಿತು. ಸೈಫುದ್ದೀನನಿಗೆ ಹುಬ್ಬಿನ ಮೇಲೊಂದು ಗಾಯದ ಗುರುತು ಉಳಿಯಿತು, ಅಷ್ಟೇ. ತಪ್ಪೆಲ್ಲ ಬಂಡಿಯವನದು ಎಂದು ಊರಿಗೆಲ್ಲ ಹೇಳಿ, ಗಾಡಿ ರಿಪೇರಿ ಮಾಡಿಸಿ, ಹೋದ ದಿನಗಳನ್ನು ಹಿಡಿಯುವವನಂತೆ ಮೊದಲಿಗಿಂತ ಜೋರಾಗಿ ಓಡಿಸತೊಡಗಿದ.

ಮರುವರ್ಷದ ಪಂಚಮಿಗೆ ರಜಿಯಾ, ಪೆಟ್ಟಿಗೆ ಹಿಡಿದುಕೊಳ್ಳಲಾದರೂ ತಾನೂ ಗಬ್ಬೂರಿಗೆ ಬರುತ್ತೇನೆ ಎಂದಳು. ಹೀರಾಬಿಗೆ ಬೇಡವೆನ್ನಲು ಬಾಯಿ ಬರಲಿಲ್ಲ. ಬಸ್ಸಿನಲ್ಲಿ ರಜಿಯಾ ಕಿಟಕಿಯ ಪಕ್ಕ ಕೂತು ಮಕ್ಕಳಂತೆ ಹೊರಗೆ ನೋಡಿದಳು, ಶೇಂಗಾ ಕೊಡಿಸಿಕೊಂಡು ಎಡಗೈಯಿಂದ ತಿಂದಳು. ಆಮೇಲೆ ತಾನಾಗಿಯೇ ಮಾತಾಡಿದಳು.

“ಆ ಗಾಡಿ ಮ್ಯಾಲ ನಾ ಕಣ್ಣು ಮುಚ್ಚಿಕೊಂಡೇ ಕೂಡ್ತಿದ್ದೆ ಭಾಬಿ. ಇಳೀತೀನಿ ಅಂದ್ರ ಅವರು ಇನ್ನೂ ಜೋರ್ ಓಡಿಸ್ತಿದ್ರು. ಎಂದರ ಕಣ್ಣು ಬಿಟ್ಟಾಗ ಬಸ್ಸಿನ್ಯಾಗ ನೀ ಆರಾಮ ಶೇಂಗಾ ತಿಂತಾ ಕುಂತಿದ್ದು ಕಂಡ್ರ ನನ್ನ ಹೊಟ್ಟಿ ಉರೀತಿತ್ತು.”

ಹೀರಾಬಿಯ ಕೈಯಲ್ಲಿದ್ದ ಕಾಳು ಕೈಯಲ್ಲೇ ಉಳಿಯಿತು. ಇಷ್ಟು ವರ್ಷ ತಾನು ಯಾವುದಕ್ಕೆ ಉರಿದು ಸತ್ತೆನೋ ಅದು ಇವಳಿಗೆ ಬೇಡವಾಗಿತ್ತು. ಮಡಿಲಲ್ಲಿ ಮುದುಡಿ ಮಲಗಿದ್ದ ಆ ಬಲಗೈಯನ್ನು ನೋಡಲಾರದೆ ಪೆಟ್ಟಿಗೆಯ ಕಡೆ ನೋಡುತ್ತ, “ರಜಿಯಾ, ಆವತ್ತು...” ಎಂದಳು.

“ಬಿಡು ಭಾಬಿ,” ಎಂದಳು ರಜಿಯಾ. “ಆವತ್ತು ನೋವು ತಡೀಲಾರದ ನಾ ನಿನ್ನ ಮುಖಾನೇ ನೋಡಾಕತ್ತಿದ್ದೆ. ಅಷ್ಟು ಖುಷಿಯಾಗಿ ನಿನ್ನ ನಾ ಎಂದೂ ನೋಡಿರಲಿಲ್ಲ.”

ದನಿಯಲ್ಲಿ ಸಿಟ್ಟಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದ್ದಳು, ಅಷ್ಟೇ. ಬಸ್ಸು ನಿಂತಿತು. ರಜಿಯಾ ಪೆಟ್ಟಿಗೆಯ ಹಿಡಿಕೆಯನ್ನು ಮೊಣಕೈಗೆ ಸಿಕ್ಕಿಸಿಕೊಂಡು ಮೊದಲು ಇಳಿದಳು. ಗಬ್ಬೂರು ಬಂತು, ಇಳೀರಿ ಎಂದು ಕಂಡಕ್ಟರು ಎರಡು ಸಲ ಕೂಗಿದರೂ ಹೀರಾಬಿ ಸೀಟಿನಿಂದ ಏಳಲಿಲ್ಲ.