ಫೋನಿನಲ್ಲಿದ್ದವನಿಗೆ ಅಮ್ಮನ ಹೆಸರು ಗೊತ್ತಿರಲಿಲ್ಲ

ಗಂಗಮ್ಮನನ್ನು ನಂಬಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕಳೆದ ವರ್ಷ ವರಮಹಾಲಕ್ಷ್ಮಿ ಹಬ್ಬದ ವಾರದಲ್ಲಿ ನನ್ನ ಅಂಗಡಿಗೆ ಕಳ್ಳರು ನುಗ್ಗಿದರು. ಬಾಗಿಲು ಮುರಿದ ಸದ್ದಿಲ್ಲ, ಒಂದು ದಾರದುಂಡೆಯೂ ಕಾಣೆಯಾಗಿರಲಿಲ್ಲ. ಏಕೆಂದರೆ ನನ್ನ ಅಂಗಡಿ ಇರುವುದು ಇಂಟರ್ನೆಟ್ಟಿನಲ್ಲಿ.

ನನ್ನ ಹೆಸರು ಶೈಲಜಾ. ಇರುವುದು ಜೋಗುಪಾಳ್ಯದಲ್ಲಿ. ನಾನೂ ನನ್ನ ನಾದಿನಿ ರೇಣುಕಾಳೂ ಕಳಶಕ್ಕೆ ಉಡಿಸುವ ಪುಟ್ಟ ಸೀರೆ ಹೊಲಿಯುತ್ತೇವೆ, ಜಡೆ, ಡಾಬು, ಹಾರ ಕಟ್ಟುತ್ತೇವೆ. ನನ್ನ ಯಜಮಾನರು ತೀರಿಕೊಂಡ ಮೇಲೆ ನಮ್ಮಿಬ್ಬರ ಮನೆಯೂ ನಡೆಯುತ್ತಿರುವುದು ಈ ಕೆಲಸದಿಂದಲೇ. ವೆಬ್‌ಸೈಟಿನಲ್ಲಿ ಆರ್ಡರ್ ಬರುತ್ತದೆ, ಕೊರಿಯರ್‌ನಲ್ಲಿ ಕಳಿಸುತ್ತೇವೆ. ಗಿರಾಕಿಗಳ ಮುಖ ನೋಡಿದ್ದು ಕಡಿಮೆ.

ಹಬ್ಬ ಶುಕ್ರವಾರ. ಸೋಮವಾರ ಬೆಳಿಗ್ಗೆ ಶಿವಾಜಿನಗರದ ಹಳೆಯ ಗಿರಾಕಿಯೊಬ್ಬರು ನನಗೆ ಫೋನ್ ಮಾಡಿ ರೇಗಿದರು. "ಏನ್ರೀ ಶೈಲಜಾ, ಒಂದ್ಸಲ ದುಡ್ಡು ಕಟ್ಟಿದ್ದಾಯ್ತು. ಪೇಮೆಂಟ್ ಫೇಲ್ ಆಗಿದೆ, ಲಿಂಕಲ್ಲಿ ಮತ್ತೆ ಕಟ್ಟಿ ಅಂತ ನಿಮ್ಮ ಕಡೆಯವನು ಫೋನ್ ಮಾಡ್ತಾನಲ್ಲ!"

ನನ್ನ ಕಡೆ ಯಾವ ಗಂಡಸೂ ಕೆಲಸಕ್ಕಿಲ್ಲ.

"ಕಟ್ಬೇಡಿ ಅಕ್ಕ, ಅವನು ನಮ್ಮೋನಲ್ಲ" ಎಂದು ಹೇಳಿ ಕಂಪ್ಯೂಟರ್ ತೆರೆದರೆ ನನ್ನ ಪಾಸ್‌ವರ್ಡ್ ತಪ್ಪೆಂದು ತೋರಿಸಿತು. ಇನ್ನೊಮ್ಮೆ ಹಾಕಿದೆ. ಅದೇ ಉತ್ತರ. ವೆಬ್‌ಸೈಟಿನಲ್ಲಿ ನನ್ನ ಫೋನ್ ನಂಬರ್ ಇದ್ದ ಜಾಗದಲ್ಲಿ ಯಾರದೋ ನಂಬರ್ ಇತ್ತು. ಯಾರು ಏನು ತೆಗೆದುಕೊಂಡರು, ಅವರ ವಿಳಾಸ, ಫೋನ್ ಎಲ್ಲವೂ ಕಳ್ಳರ ಕೈಗೆ ಸಿಕ್ಕಿತ್ತು. ನನ್ನ ಹೆಸರು ಹೇಳಿ ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದರು. ಅನುಮಾನ ಬಂದು ಯಾರಾದರೂ ಅಂಗಡಿಗೆ ಫೋನ್ ಮಾಡಿದರೂ ಎತ್ತುತ್ತಿದ್ದವರು ಅವರೇ. ಎಚ್ಚರಿಸೋಣವೆಂದರೆ ಗಿರಾಕಿಗಳ ನಂಬರುಗಳೆಲ್ಲ ನಾನೇ ಒಳಗೆ ಹೋಗಲಾಗದ ಅಂಗಡಿಯಲ್ಲಿದ್ದವು.

ವೆಬ್‌ಸೈಟ್ ಇಟ್ಟಿರುವ ಕಂಪನಿಗೆ ಬರೆದೆ. ದೂರು ಬಂದಿದೆ, ಪರಿಶೀಲಿಸುತ್ತೇವೆ ಎಂಬ ಸಿದ್ಧ ಉತ್ತರ ಬಂತು. ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಂಡರು, ಆದರೆ ತಕ್ಷಣ ಏನೂ ಹೇಳಲಾಗುವುದಿಲ್ಲ ಎಂದರು. ವಾಪಸು ಬರುವ ದಾರಿಯಲ್ಲಿ ರೇಣುಕಾ ಅತ್ತುಬಿಟ್ಟಳು. "ಅತ್ತಿಗೆ, ಇಷ್ಟು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು, ಒಂದೇ ದಿನದಲ್ಲಿ ಕಳ್ಳರು ಅನ್ನಿಸ್ಕೋತೀವಲ್ಲ."

ಅವಳನ್ನು ಮನೆಗೆ ಕಳಿಸಿ ನಾನು ನಮ್ಮ ಬೀದಿಯ ಗಂಗಮ್ಮನ ಗುಡಿಗೆ ಹೋದೆ. ಮಧ್ಯಾಹ್ನವಾಗಿತ್ತು. ಸಾಮಾನ್ಯವಾಗಿ ಆ ಹೊತ್ತಿಗೆ ಬಾಗಿಲು ಹಾಕಿರುತ್ತದೆ. ಅಂದು ಯಾರದೋ ಮನೆಯವರ ಅಭಿಷೇಕ ತಡವಾಗಿ, ಪೂಜಾರಪ್ಪ ಇನ್ನೂ ಒಳಗೆ ನೆಲ ತೊಳೆಯುತ್ತಿದ್ದರು. ಕಂಬಕ್ಕೆ ಒರಗಿ ಕೂತು ಅಮ್ಮನ ಮುಖ ನೋಡಿದೆ. ಅಂಗಡಿ ಉಳಿಸು ಎಂದು ಕೇಳಲು ಬಾಯಿಯೇ ಬರಲಿಲ್ಲ. "ಅಂಗಡಿ ಹೋದ್ರೆ ಹೋಗ್ಲಿ ತಾಯಿ. ನಿನಗೆ ಕೈ ಮುಗಿದು ಶುರು ಮಾಡಿದ್ದು. ಅದರ ಹೆಸರಲ್ಲಿ ಯಾವ ಮನೆಯವರೂ ಕಣ್ಣೀರು ಹಾಕೋ ಹಾಗಾಗಬಾರದು" ಎಂದೆ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಹಿಂದಿನಿಂದ ಯಾರೋ ಕೇಳಿದರು. "ಅಮ್ಮಾ, ಕಳಶದ ಸೀರೆ ಹೊಲಿಯೋರು ಇಲ್ಲೆಲ್ಲಾದ್ರೂ ಇದ್ದಾರಾ?"

ತಿರುಗಿ ನೋಡಿದೆ. ವಯಸ್ಸಾದ ಹೆಂಗಸು, ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು. ಕೈಯಲ್ಲಿ ಒಂದು ಸಣ್ಣ ಕುಂಕುಮದ ಪೊಟ್ಟಣ.

ನಾವು ಪ್ರತಿ ಪಾರ್ಸಲ್ಲಿನ ಒಳಗೂ ಅಮ್ಮನಿಗೆ ಅರ್ಚನೆ ಮಾಡಿಸಿದ ಕುಂಕುಮ ಇಡುತ್ತೇವೆ. ಪೊಟ್ಟಣದ ಮೇಲೆ ಗುಡಿಯ ಹೆಸರೂ ಜೋಗುಪಾಳ್ಯ ಎಂದೂ ಇರುತ್ತದೆ, ನಮ್ಮ ಹೆಸರಿರುವುದಿಲ್ಲ. ಬಂದವರ ಹೆಸರು ಲಲಿತಮ್ಮ, ಕೆ.ಆರ್. ಪುರದವರು. ಬೆಳಿಗ್ಗೆ ಅವರಿಗೂ ಅದೇ ಫೋನ್ ಬಂದಿತ್ತು.

"ಆರ್ಡರ್ ಮಾಡಿದ ಸೀರೆ ಬಣ್ಣ ಸಮೇತ ಹೇಳ್ದ ಕಣಮ್ಮ. ನಂಬಿಬಿಟ್ಟಿದ್ದೆ. ಇನ್ನೇನು ಲಿಂಕ್ ಒತ್ಬೇಕು, ದೇವರ ಮನೇಲಿ, ಹಿಂದಿನ ಸಲದ ಪಾರ್ಸಲ್‌ನಲ್ಲಿ ಬಂದಿದ್ದ ಈ ಪೊಟ್ಟಣ ಕಣ್ಣಿಗೆ ಬಿತ್ತು. ಸುಮ್ನೆ ಬಾಯಿಗೆ ಬಂತು, ಕೇಳ್ದೆ. ಪಾರ್ಸಲ್‌ನಲ್ಲಿ ಕುಂಕುಮ ಇಡ್ತೀರಲ್ಲಪ್ಪ, ಯಾವ ಅಮ್ಮಂದು ಅಂತ. ಲಕ್ಷ್ಮಿ ಮೇಡಂ, ಲಕ್ಷ್ಮಿ ಅಂದ. ಫೋನ್ ಇಟ್ಬಿಟ್ಟೆ. ವೆಬ್‌ಸೈಟ್‌ನಲ್ಲಿದ್ದ ನಂಬರಿಗೆ ಮಾಡಿದ್ರೆ ಮತ್ತೆ ಅವನೇ! ಪಾಪ, ಅಂಗಡಿಯೋರಿಗೆ ಗೊತ್ತೋ ಇಲ್ವೋ, ಹೇಳ್ಬೇಕಲ್ಲ ಅಂತ ಟಿನ್ ಫ್ಯಾಕ್ಟರಿ ಸ್ಟಾಪಲ್ಲಿ ಬಸ್ ಹತ್ತಿದೆ."

ಅವರ ಕಾಲಿಗೆ ಬಿದ್ದೆ. "ಅಯ್ಯೋ, ಏಳಮ್ಮ, ಅಮ್ಮನ ಎದುರಿಗೆ ನನ್ನ ಕಾಲಿಗೆ ಬೀಳ್ತಾರಾ" ಎಂದು ಎಬ್ಬಿಸಿದರು. ನನ್ನ ಕಥೆಯೆಲ್ಲ ಕೇಳಿ ಅಲ್ಲೇ ನಿಂತು ಮಗಳಿಗೆ ಫೋನ್ ಮಾಡಿದರು. "ಚೈತ್ರಾ, ನೀನು ಆಫೀಸಲ್ಲಿ ಮಾಡೋದು ಇದೇ ಕೆಲಸ ಅಲ್ವೇನೇ? ಹಾಗೇ ಹೊರಟು ಬಾ."

ಚೈತ್ರಾ ಗರುಡಾಚಾರ್‌ಪಾಳ್ಯದ ಒಂದು ಆಫೀಸಿನಲ್ಲಿ ದೊಡ್ಡ ದೊಡ್ಡ ವೆಬ್‌ಸೈಟುಗಳನ್ನು ಕಾಯುವ ಕೆಲಸದಲ್ಲಿದ್ದಾಳೆ. ಸಂಜೆಯೊಳಗೆ ನಮ್ಮ ಮನೆಯ ಜರಿಯ ಚೂರುಗಳ ನಡುವೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ವೆಬ್‌ಸೈಟ್ ಕಂಪನಿಯವರಿಗೆ ಫೋನ್ ಮಾಡಿ, ಅವರ ಭಾಷೆಯಲ್ಲೇ ಮಾತಾಡಿ, ನಾನೇ ಒಡತಿ ಎಂದು ಸಾಬೀತು ಮಾಡಿಸಿದಳು. ಅಂಗಡಿ ನಮ್ಮ ಕೈಗೆ ಬಂದ ಕೂಡಲೇ ಮಾಡಿದ ಮೊದಲ ಕೆಲಸ ಅದನ್ನು ಮುಚ್ಚಿದ್ದು. ರಿಯಾಯಿತಿ ಕೂಪನ್ ತೋರಿಸಲೆಂದು ಹಿಂದೆ ವೆಬ್‌ಸೈಟಿಗೆ ಹಾಕಿಸಿದ್ದ, ಪ್ಲಗಿನ್ ಎನ್ನುವ ಒಂದು ಸಣ್ಣ ಪ್ರೋಗ್ರಾಂ ಹಳೆಯದಾಗಿ ಹೋಗಿತ್ತಂತೆ, ಕಳ್ಳರು ನುಸುಳಿದ್ದು ಅಲ್ಲಿಂದ. ಅದನ್ನು ಕಿತ್ತುಹಾಕಿ, ಅವರು ಮಾಡಿಕೊಂಡಿದ್ದ ಖಾತೆ ಅಳಿಸಿ, ಎಲ್ಲ ಪಾಸ್‌ವರ್ಡ್ ಬದಲಿಸಿದಳು. ಆಮೇಲೆ ಪ್ರತಿಯೊಬ್ಬ ಗಿರಾಕಿಗೂ ನನ್ನ ನಂಬರಿನಿಂದ ಸಂದೇಶ ಹೋಯಿತು. ಯಾವ ಲಿಂಕಿಗೂ ಹಣ ಕಟ್ಟಬೇಡಿ ಎಂದು.

ಉತ್ತರಗಳು ಬರತೊಡಗಿದವು. ಒಬ್ಬರು ಲಿಂಕ್ ತೆರೆದಾಗ ಕರೆಂಟು ಹೋಗಿ ವೈಫೈ ನಿಂತಿತ್ತಂತೆ. ಇನ್ನೊಬ್ಬರು ಯಜಮಾನರು ಬರಲಿ ಎಂದು ಕಾಯುತ್ತಿದ್ದರಂತೆ. ಇಂದಿರಾನಗರದ ಒಬ್ಬ ಟೀಚರ್ ಮಾತ್ರ ಹಣ ಕಟ್ಟಿಬಿಟ್ಟಿದ್ದರು. ಚೈತ್ರಾ ಕೂಡಲೇ ಅವರಿಂದ ಸೈಬರ್ ಸಹಾಯವಾಣಿಗೆ ಫೋನ್ ಮಾಡಿಸಿದಳು. ಹಣ ಮುಂದಕ್ಕೆ ಹೋಗದಂತೆ ಬ್ಯಾಂಕಿನವರು ತಡೆದರು, ಕೆಲವು ವಾರಗಳ ಮೇಲೆ ಅವರಿಗೇ ವಾಪಸು ಬಂತು. ನಾನು ಬೇಡಿಕೊಂಡದ್ದು ಅಷ್ಟೇ ತಾನೇ? ಅಮ್ಮ ಅದನ್ನು ಅಕ್ಷರಶಃ ನಡೆಸಿಕೊಟ್ಟಳು.

ಹೊರಡುವಾಗ ಚೈತ್ರಾ ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದಳು. "ನಾನು ಗುಡಿಗೆಲ್ಲ ಹೋಗೋಳಲ್ಲ ಆಂಟಿ. ಆದ್ರೆ ಇವತ್ತು ಇಡೀ ದಿನ ನಂಗೆ ಮೀಟಿಂಗ್ ಇತ್ತು, ಅಮ್ಮನ ಫೋನ್ ಎತ್ತೋ ಹಾಗೇ ಇರ್ಲಿಲ್ಲ. ಬೆಳಿಗ್ಗೆ ಅದು ಕ್ಯಾನ್ಸಲ್ ಆಯ್ತು. ಯಾಕೆ ಅಂತ ಇನ್ನೂ ಯಾರೂ ಹೇಳಿಲ್ಲ."

ಅಂಗಡಿ ಮುಚ್ಚಿದ್ದರಿಂದ ಆ ವರ್ಷದ ಹಬ್ಬದ ವ್ಯಾಪಾರ ನಮಗೆ ಆಗಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಹೊಲಿದಿಟ್ಟ ಸೀರೆಗಳು ಮನೆಯಲ್ಲೇ ಉಳಿದವು. ಶುಕ್ರವಾರ ಬೆಳಿಗ್ಗೆ ಬರಿಗೈಯಲ್ಲಿ ಗುಡಿಗೆ ಹೋದೆ. ಅಂಗಳದಲ್ಲಿ ಎಂದೂ ನೋಡಿರದ ಹೆಂಗಸರು. ಒಬ್ಬರು ಹಲಸೂರಿನವರು, ಇಬ್ಬರು ಕೆ.ಆರ್. ಪುರದವರು, ಇಂದಿರಾನಗರದ ಆ ಟೀಚರೂ ಬಂದಿದ್ದರು. ಪೊಟ್ಟಣದ ಮೇಲಿನ ಹೆಸರು ಹುಡುಕಿಕೊಂಡು ಬಂದವರು. ಲಲಿತಮ್ಮ ಮಡಿಲು ತುಂಬುವ ಸಾಮಾನು ಹಿಡಿದು ಮುಂದೆ ನಿಂತಿದ್ದರು. "ಬಾರಮ್ಮ, ನೀನು ಬರ್ಲಿ ಅಂತ ಮಂಗಳಾರತಿ ನಿಲ್ಲಿಸಿದೀವಿ" ಎಂದರು.

ಬಂಧುಗಳೇ, ಚೈತ್ರಾ ಹೇಳಿಕೊಟ್ಟಂತೆ ಈಗ ವೆಬ್‌ಸೈಟಿಗೆ ಎರಡೆರಡು ಬೀಗ ಹಾಕುತ್ತೇನೆ. ಪಾಸ್‌ವರ್ಡ್ ಹಾಕಿದ ಮೇಲೆ ಫೋನಿಗೂ ಒಂದು ಸಂಖ್ಯೆ ಬರಬೇಕು. ಹಳೆಯದಾದ ಪ್ಲಗಿನ್‌ಗಳನ್ನು ತಿಂಗಳು ತಿಂಗಳೂ ತೆಗೆಸುತ್ತೇನೆ. ನೀವೂ ಹಾಗೇ ಮಾಡಿ. ಅಮ್ಮ ಕಾಯುತ್ತಾಳೆಂದು ಬಾಗಿಲು ತೆರೆದಿಟ್ಟು ಮಲಗಬೇಡಿ. ಆದರೆ ನಿಮ್ಮ ಕೈಯಲ್ಲಿ ಏನೂ ಉಳಿಯದ ದಿನ ಬಂದರೆ ಹೆದರಬೇಡಿ. ಆ ಮಧ್ಯಾಹ್ನ ನಾನು ಬಾಯಿ ತೆರೆದು ಬೇಡುವ ಮೊದಲೇ ನನ್ನ ತಾಯಿ ಟಿನ್ ಫ್ಯಾಕ್ಟರಿಯಲ್ಲಿ ಒಬ್ಬರನ್ನು ಬಸ್ ಹತ್ತಿಸಿ ಆಗಿತ್ತು.